ಉಬ್ಬಿದ ಟ್ಯಾಬ್, ಹಲಸಿನ ಹಲಗೆ, ಅಜ್ಜನ ನೋಟ್‌ಬುಕ್

ಕಪಾಟಿನ ಮೇಲಿನ ಖಾನೆಯಿಂದ ಹಳೆಯ ಟ್ಯಾಬ್ ಕೆಳಗಿಳಿಸಿದ್ದು ಏಪ್ರಿಲ್ ಎರಡನೇ ವಾರದಲ್ಲಿ. ಮೇಜಿನ ಮೇಲಿಟ್ಟು ಧೂಳು ಒರೆಸುವಾಗ ಒಂದು ಮೂಲೆಗೆ ಕೈ ತಾಗಿತು. ಬುಗುರಿಯ ಹಾಗೆ ಗಿರ್ರನೆ ಅರ್ಧ ಸುತ್ತು ತಿರುಗಿತು. ಬೆನ್ನು ಉಬ್ಬಿದೆ ಅಂತ ಗೊತ್ತಾದದ್ದೇ ಹಾಗೆ.

ಅದನ್ನು ಇಳಿಸಿದ ಕಾರಣ ಅಜ್ಜನ ನೋಟ್‌ಬುಕ್‌ಗಳು. ಅಜ್ಜ ಮಳೆಗಾಲದ ತಾಳಮದ್ದಳೆಗಳಲ್ಲಿ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ (ಪಾತ್ರದ ಮಾತು) ಹೇಳುತ್ತಿದ್ದರು. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ವರ್ಷದ ಆಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಅವರ ಸೀಸನ್ ಶುರು. ಯಾವ ಪಾತ್ರಕ್ಕೆ ಯಾವ ಮಾತು, ಎದುರಿನವರು ಹೀಗೆ ಕೇಳಿದರೆ ಏನು ಉತ್ತರ, ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ. ನಾಲ್ಕು ಪುಸ್ತಕ, ಒಟ್ಟು 372 ಪುಟ. ಹುಳ ತಿಂದ ಕಾಗದ, ಒಮ್ಮೆ ತಿರುವಿದರೆ ಅಂಚು ಉದುರುತ್ತದೆ. ಅದನ್ನು ಕಂಪ್ಯೂಟರಿಗೆ ಟೈಪ್ ಮಾಡಿ ಹಾಕಬೇಕು ಅಂತ ಅಮ್ಮನ ಆಸೆ. ಪುಸ್ತಕವನ್ನೇ ಎದುರಿಗಿಟ್ಟು ಟೈಪ್ ಮಾಡಿದರೆ ಮುಗಿಯುವಷ್ಟರಲ್ಲಿ ಕೈಯಲ್ಲಿ ಹುಡಿ ಮಾತ್ರ ಉಳಿಯುತ್ತದೆ. ಹಾಗಾಗಿ ಫೋನಿನಲ್ಲಿ ಒಂದೇ ಸಲ ಎಲ್ಲ ಪುಟದ ಫೋಟೋ ತೆಗೆದೆ.

ನನ್ನದು 22 ಇಂಚಿನ ಮಾನಿಟರ್ ಇರುವ ಮಾಮೂಲಿ ಡೆಸ್ಕ್‌ಟಾಪ್. ಅರ್ಧ ಪರದೆಯಲ್ಲಿ ಫೋಟೋ, ಅರ್ಧದಲ್ಲಿ ವರ್ಡ್ ಇಟ್ಟು ಎರಡು ದಿನ ಒದ್ದಾಡಿದೆ. ಫೋಟೋ ದೊಡ್ಡದು ಮಾಡಿದರೆ ಸಾಲು ತುಂಡಾಗುತ್ತದೆ, ಸಣ್ಣದು ಮಾಡಿದರೆ ಅಜ್ಜನ ಅಕ್ಷರ ಇರುವೆ ಸಾಲು. ಆಗ ನೆನಪಾದದ್ದು ಟ್ಯಾಬ್. ಅದನ್ನು ಎರಡನೇ ಮಾನಿಟರ್ ಮಾಡಿಬಿಡೋಣ, ಒಂದು ಭಾನುವಾರದ ಕೆಲಸ ಅಂದುಕೊಂಡೆ. ಐದು ವಾರ ಹಿಡಿಯಿತು.

ಬ್ಯಾಟರಿ

ಉಬ್ಬಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ "ಆನ್ ಆಗ್ತದಾ ನೋಡುವ" ಅನ್ನುವ ಪರೀಕ್ಷೆ ಮಾಡಲೇಬಾರದು. ಒಳಗೆ ಗ್ಯಾಸ್ ತುಂಬಿರುತ್ತದೆ. ಪದರ ಹರಿದರೆ, ತೂತಾದರೆ ಬೆಂಕಿ. ನಾನು ಕೆಲಸ ಮಾಡಿದ್ದು ಮನೆಯ ಒಳಗಲ್ಲ, ಜಗಲಿಯಲ್ಲಿ, ಪಕ್ಕದಲ್ಲಿ ಒಂದು ಬಕೆಟ್ ಒಣ ಹೊಯ್ಗೆ (ಮರಳು) ಇಟ್ಟುಕೊಂಡು. ಅಂಟು ಮೆತ್ತಗಾಗಲಿ ಅಂತ ಹೇರ್ ಡ್ರೈಯರ್ ಹಿಡಿಯುವುದು ರೂಢಿ. ಬ್ಯಾಟರಿ ಉಬ್ಬಿದ್ದರೆ ಅದೂ ಬೇಡ.

ಬೆನ್ನಿನ ಮುಚ್ಚಳ ಅರ್ಧ ತಾನಾಗಿಯೇ ಬಿಟ್ಟುಕೊಂಡಿತ್ತು. ಅವಧಿ ಮುಗಿದ ಎಟಿಎಂ ಕಾರ್ಡ್ ತೂರಿಸಿ ಸುತ್ತ ಎಳೆದೆ, ಟಕ್ ಟಕ್ ಅಂತ ಲಾಕುಗಳು ಬಿಟ್ಟವು. ಬ್ಯಾಟರಿ ಮಾತ್ರ ಡಬಲ್ ಟೇಪಿನಲ್ಲಿ ಗಟ್ಟಿಯಾಗಿ ಕುಳಿತಿತ್ತು. ಸ್ಕ್ರೂ ಡ್ರೈವರ್ ಹಾಕಿ ಎಬ್ಬಿಸುವ ಹಾಗಿಲ್ಲ. ಮಲ್ಪೆಯ ಗೆಳೆಯನೊಬ್ಬ ಕೊಟ್ಟ ಗಾಳದ ನೈಲಾನ್ ದಾರ ಮನೆಯಲ್ಲಿತ್ತು. ಅದನ್ನು ಬ್ಯಾಟರಿಯ ಅಡಿಗೆ ತೂರಿಸಿ, ಎರಡು ಕೈಯಲ್ಲಿ ಹಿಡಿದು, ಗರಗಸದ ಹಾಗೆ ಆಚೆ ಈಚೆ ಎಳೆದೆ. ಹತ್ತು ನಿಮಿಷದಲ್ಲಿ ಟೇಪು ಕತ್ತರಿಸಿತು. ಚೂಪಾದ ಏನನ್ನೂ ತಾಗಿಸದೆ ಬ್ಯಾಟರಿ ಕೈಗೆ ಬಂತು.

ಅದರ ಮೇಲೆ 3595115 ಅಂತ ಬರೆದಿತ್ತು. ಈ ನಂಬರು ಓದಲು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಮೊದಲ ಎರಡು ಅಂಕಿ ದಪ್ಪ, 3.5 ಮಿ.ಮೀ. ಆಮೇಲಿನ 95 ಅಗಲ, 115 ಉದ್ದ. ಪಕ್ಕದಲ್ಲಿ 3.7 ವೋಲ್ಟ್, 5000 ಎಂಎಎಚ್. ನನ್ನ ಕೈಯಲ್ಲಿದ್ದದ್ದು ನಡುವಿನಲ್ಲಿ 9 ಮಿ.ಮೀ. ದಪ್ಪ ಇತ್ತು. ಅದರ ಒತ್ತಡಕ್ಕೆ ಪರದೆಯ ನಡುವೆ ಕಡಲೆಕಾಳಿನಷ್ಟು ಒಂದು ಬಿಳಿ ಚುಕ್ಕೆ ಬಂದಿದೆ. ಅದು ಹೋಗುವುದಿಲ್ಲ, ಇರಲಿ.

ಉಬ್ಬಲು ಕಾರಣ ನಾನೇ. ಹಿಂದೆ ಇದನ್ನು ಅಡುಗೆಮನೆಯ ಕಿಟಕಿಯಲ್ಲಿ ವರ್ಷವಿಡೀ ಚಾರ್ಜರಿಗೆ ಸಿಕ್ಕಿಸಿಯೇ ಇಟ್ಟಿದ್ದೆವು. ಲಿಥಿಯಂ ಬ್ಯಾಟರಿಗೆ ತುಂಬಿಕೊಂಡೇ ಕೂರುವುದು, ಸೆಕೆಯಲ್ಲಿ ಕೂರುವುದು, ಎರಡೂ ಆಗದು. ನಮ್ಮಲ್ಲಿ ಎರಡೂ ಇತ್ತು.

ಹೊಸದಕ್ಕೆ ಉಡುಪಿಯಲ್ಲಿ ಮೂರು ಅಂಗಡಿ ಸುತ್ತಿದೆ, ಸಿಗಲಿಲ್ಲ. ಮುಂದಿನ ಶನಿವಾರ ಎಕ್ಸ್‌ಪ್ರೆಸ್ ಬಸ್ ಹತ್ತಿ ಮಂಗಳೂರಿಗೆ ಹೋದೆ. ಹಂಪನಕಟ್ಟೆಯ ಹತ್ತಿರದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಅದೇ ಅಳತೆಯದು ಇತ್ತು, 780 ರೂಪಾಯಿ. ಆದರೆ ಹಳೆಯದಕ್ಕೆ ಮೂರು ವಯರು, ಇದಕ್ಕೆ ಎರಡೇ. ಕೇಳಿದೆ.

"ಮೂರನೇದು ಎಂತಕ್ಕೂ ಬೇಡ ಅಣ್ಣ, ಕಟ್ ಮಾಡಿ ಬಿಡಿ. ನಾವು ಹಾಗೆಯೇ ಹಾಕುವುದು."

ಹಾಗೆಯೇ ಹಾಕಿದೆ. ಕೆಂಪು ವಯರು ಬೆಸೆಯುವಾಗ ಕಪ್ಪಿಗೆ ಟೇಪು ಸುತ್ತಿ, ಕಪ್ಪು ಬೆಸೆಯುವಾಗ ಕೆಂಪಿಗೆ ಟೇಪು ಸುತ್ತಿ, ಒಂದೊಂದಾಗಿ. ಟ್ಯಾಬ್ ಆನ್ ಆಯಿತು! 43 ಶೇಕಡಾ ತೋರಿಸಿತು. ಚಾರ್ಜರ್ ಹಾಕಿದೆ. 43. ಒಂದು ಗಂಟೆ ಬಿಟ್ಟು ನೋಡಿದೆ. 41.

ಏನಾಗಿದೆ ಅಂತ ಟ್ಯಾಬನ್ನೇ ಕೇಳೋಣ ಅಂತ ಕಂಪ್ಯೂಟರಿಗೆ ಸಿಕ್ಕಿಸಿದೆ. ಕಂಪ್ಯೂಟರ್ ಅದನ್ನು ಗುರುತಿಸಲೇ ಇಲ್ಲ. ಡ್ರೈವರ್ ಹಾಕಿದೆ, ತೆಗೆದೆ, ರೀಸ್ಟಾರ್ಟ್ ಮಾಡಿದೆ, ಪೋರ್ಟು ಬದಲಿಸಿದೆ. ರಾತ್ರಿ ಹನ್ನೊಂದಕ್ಕೆ ಹೊಳೆಯಿತು: ಆ ಕೇಬಲ್ ಪವರ್ ಬ್ಯಾಂಕಿನ ಜೊತೆ ಬಂದದ್ದು. ಒಳಗೆ ಕರೆಂಟಿನ ಎರಡು ತಂತಿ ಮಾತ್ರ, ಡೇಟಾದ ಎರಡು ತಂತಿ ಇಲ್ಲವೇ ಇಲ್ಲ. ಹೊರಗಿನಿಂದ ನೋಡಿದರೆ ಒಂದು ವ್ಯತ್ಯಾಸವೂ ಕಾಣುವುದಿಲ್ಲ. ಆ ಕೇಬಲಿಗೆ ಈಗ ಕೆಂಪು ನೇಲ್ ಪಾಲಿಶ್ ಹಚ್ಚಿಟ್ಟಿದ್ದೇನೆ.

ಸರಿಯಾದ ಕೇಬಲ್ ಹಾಕಿದೆ. ಟ್ಯಾಬಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರನ್ನು ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ, ಅದರಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್. ಕಂಪ್ಯೂಟರಿನಲ್ಲಿ ಎಡಿಬಿಯಿಂದ (ಆಂಡ್ರಾಯ್ಡ್ ಸಾಧನದ ಜೊತೆ ಕೇಬಲಿನಲ್ಲಿ ಮಾತಾಡುವ ಸಾಫ್ಟ್‌ವೇರ್) ಬ್ಯಾಟರಿಯ ವಿವರ ಕೇಳಿದೆ. ಉಷ್ಣಾಂಶದ ಸಾಲಿನಲ್ಲಿ ಮೈನಸ್ 200 ಅಂತ ಬಂತು. ಅದು ಡಿಗ್ರಿಯ ಹತ್ತರಷ್ಟು ತೋರಿಸುವುದು, ಅಂದರೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಉಡುಪಿಯ ಏಪ್ರಿಲಿನಲ್ಲಿ, ಫ್ಯಾನಿನ ಅಡಿಯಲ್ಲಿ ಬೆವರು ಒರೆಸಿಕೊಂಡು ನಾನು ಕುಳಿತಿದ್ದರೆ, ಟ್ಯಾಬಿಗೆ ಹಿಮಾಲಯದ ಚಳಿ!

ಆ ಮೂರನೇ ವಯರು ಬ್ಯಾಟರಿಯ ಸೆಕೆ ಅಳೆಯುವ ಥರ್ಮಿಸ್ಟರಿನದ್ದು. ಸೆಕೆ ಏರಿದರೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ಚಳಿಯಾದರೆ ಏರುತ್ತದೆ. ವಯರು ಕತ್ತರಿಸಿದರೆ ರೆಸಿಸ್ಟೆನ್ಸ್ ಮಿತಿಯೇ ಇಲ್ಲದಷ್ಟು. ಟ್ಯಾಬ್ ಅದನ್ನು ಭಯಂಕರ ಚಳಿ ಅಂತ ಓದುತ್ತದೆ. ಅಂಥ ಚಳಿಯಲ್ಲಿ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡಿದರೆ ಹಾಳಾಗುತ್ತದೆ, ಹಾಗಾಗಿ ಚಾರ್ಜನ್ನೇ ನಿಲ್ಲಿಸಿ ಕೂತಿದೆ. ಟ್ಯಾಬಿನದ್ದು ತಪ್ಪಿಲ್ಲ, ಪಾಪ.

ಹೊಯ್ಗೆ ಬಕೆಟಿನಿಂದ ಹಳೆಯ ಬ್ಯಾಟರಿ ಎತ್ತಿ, ಅದರ ಕಪ್ಪು ಮತ್ತು ಮೂರನೇ ವಯರಿನ ನಡುವೆ ಮಲ್ಟಿಮೀಟರ್ ಹಿಡಿದೆ. 7.4 ಕಿಲೋ ಓಂ. ಕೋಣೆಯಲ್ಲಿ 32 ಡಿಗ್ರಿ ಇತ್ತು. 25 ಡಿಗ್ರಿಯಲ್ಲಿ 10 ಕಿಲೋ ಓಂ ಇರುವ ಮಾಮೂಲಿ ಥರ್ಮಿಸ್ಟರ್ 32ರಲ್ಲಿ ಹೆಚ್ಚುಕಡಿಮೆ ಅಷ್ಟೇ ತೋರಿಸಬೇಕು. ಲೆಕ್ಕ ಸರಿ ಬಂತು. ಐದು ರೂಪಾಯಿಯ ಹೊಸ ಥರ್ಮಿಸ್ಟರ್ ತಂದು, ಒಂದು ಕಾಲು ಮೂರನೇ ವಯರಿಗೆ, ಇನ್ನೊಂದು ಕಾಲು ಕಪ್ಪಿಗೆ ಬೆಸೆದು, ತಲೆಯನ್ನು ಬ್ಯಾಟರಿಯ ಮೈಗೆ ತಾಗುವ ಹಾಗೆ ಹಳದಿ ಟೇಪಿನಲ್ಲಿ ಅಂಟಿಸಿದೆ. ಚಾರ್ಜರ್ ಹಾಕಿದ ಕೂಡಲೇ ಮಿಂಚಿನ ಗುರುತು ಬಂತು. ಅಂಗಡಿಯವರು ಹೇಳಿದಂತೆ ಎಲ್ಲರಿಗೂ ಕತ್ತರಿಸಿಯೇ ಕೊಡುತ್ತಾರೆ ಅಂತಾದರೆ ಯಾರ್ಯಾರ ಮನೆಯ ಟ್ಯಾಬ್ ಚಳಿಯಲ್ಲಿ ನಡುಗುತ್ತಾ ಇದೆಯೋ.

ಹಳೆಯ ಬ್ಯಾಟರಿಯನ್ನು ಒಣ ಕಸದ ಬುಟ್ಟಿಗೆ ಹಾಕಲಿಲ್ಲ. ಕಸದ ಲಾರಿಯಲ್ಲಿ ಅದುಮಿದಾಗ ಹೊತ್ತಿಕೊಳ್ಳುವುದು ಇಂಥವೇ. ತುದಿಗಳಿಗೆ ಟೇಪು ಸುತ್ತಿ, ಹೊಯ್ಗೆ ತುಂಬಿದ ಡಬ್ಬದಲ್ಲಿ ಇಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟೆ.

ವ್ಯಾಸಪೀಠ

ಟ್ಯಾಬನ್ನು ನೆಟ್ಟಗೆ ನಿಲ್ಲಿಸಬೇಕಲ್ಲ. ದೇವರ ಕೋಣೆಯಲ್ಲಿ ವ್ಯಾಸಪೀಠ ಇತ್ತು, ಅಜ್ಜಿ ಪುರಾಣ ಓದುತ್ತಿದ್ದದ್ದು. ರಥಬೀದಿಯ ಅಂಗಡಿಗಳಲ್ಲಿ ಈಗಲೂ ಸಿಗುವಂಥದ್ದೇ, ಒಂದಕ್ಕೊಂದು ಕತ್ತರಿಯ ಹಾಗೆ ಸಿಕ್ಕಿಕೊಂಡ ಎರಡು ಹಲಗೆ. ಮೆಲ್ಲ ತಂದು ಮಾನಿಟರಿನ ಪಕ್ಕ ಬಿಡಿಸಿಟ್ಟು ಟ್ಯಾಬ್ ಒರಗಿಸಿದೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿದರು.

"ಎಂತ ಮಾರಾಯ, ಅದರಲ್ಲಿ ನಿನ್ನ ಸಿನೆಮಾ ನೋಡುವ ಪೆಟ್ಟಿಗೆ ಇಡ್ತೀಯಾ?"

"ಅಜ್ಜನ ಪುಸ್ತಕವೇ ಅಮ್ಮ ಇದರೊಳಗೆ ಇರುವುದು."

ಅಮ್ಮ ಸ್ವಲ್ಪ ಯೋಚಿಸಿ, ಇರಲಿ ಅಂದರು. ಆದರೆ ನನಗೇ ಆಗಲಿಲ್ಲ. ವ್ಯಾಸಪೀಠ ಇರುವುದು ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತವರಿಗೆ. ಮೇಜಿನ ಮೇಲಿಟ್ಟರೆ ತಲೆ ಬಗ್ಗಿಸಿ ಟ್ಯಾಬ್ ನೋಡಬೇಕು, ತಲೆ ಎತ್ತಿ ಮಾನಿಟರ್ ನೋಡಬೇಕು. ಅರ್ಧ ಗಂಟೆಯಲ್ಲಿ ಕುತ್ತಿಗೆ ಹಿಡಿಯಿತು.

ಪಕ್ಕದ ಮನೆಯ ಮರಗೆಲಸದ ಆಚಾರ್ರು ಹಳೆಯ ಬಾಗಿಲಿನ ಒಂದು ತುಂಡು ಹಲಸಿನ ಹಲಗೆ ಕೊಟ್ಟರು. ಹಲಸು ಕೊಯ್ಯಲು ಹಿತ, ಬಣ್ಣವೂ ಚೆಂದ. ವ್ಯಾಸಪೀಠದ ಹಾಗೆಯೇ ಎರಡು ಹಲಗೆಯ ಅರ್ಧರ್ಧ ಸೀಳಿ ಒಂದರೊಳಗೊಂದು ಕೂರಿಸುವುದು ಅಂತ ಯೋಜನೆ, ಮೊಳೆ ಇಲ್ಲದೆ. ಟ್ಯಾಬ್ ಒರಗುವ ಹಲಗೆ ಮೇಜಿಗೆ 70 ಡಿಗ್ರಿ. ಟ್ಯಾಬಿನ ಅಡಿ ಮೇಜಿನಿಂದ 11 ಸೆಂ.ಮೀ. ಎತ್ತರ. ಆಗ ಪುಟದ ನಡುಭಾಗ, ನಾನು ಟೈಪ್ ಮಾಡುವ ಸಾಲು, ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತವೆ. ಕಣ್ಣು ಅಡ್ಡ ಹೋದರೆ ಸಾಕು, ತಲೆ ಕೆಳಗೆ ಮೇಲೆ ಆಗಬೇಕಾಗಿಲ್ಲ.

ಮೊದಲ ಜೋಡಣೆ ಸಡಿಲ ಆಯಿತು. ಸೀಳು ಹಲಗೆಯ ದಪ್ಪಕ್ಕಿಂತ 2 ಮಿ.ಮೀ. ಜಾಸ್ತಿ ಕೊಯ್ದಿದ್ದೆ. ಓರೆಯಾಗಿ ಕೂರುವ ಹಲಗೆಗೆ ಸೀಳನ್ನೂ ಓರೆಯಾಗಿಯೇ ಕೊಯ್ಯಬೇಕು, ಗೆರೆಯನ್ನು ಎರಡೂ ಮುಖದಲ್ಲಿ ಎಳೆದುಕೊಳ್ಳಬೇಕು ಅಂತ ಆಚಾರ್ರು ಆಮೇಲೆ ಹೇಳಿದರು. ಮೊದಲೇ ಕೇಳಬಹುದಿತ್ತು. ಸಂದಿಗೆ ಅದೇ ಮರದ ಚಕ್ಕೆ ಬಡಿದು ಬಿಗಿ ಮಾಡಿದೆ. ಬೆನ್ನಿನ ಹಲಗೆಯ ನಡುವೆ ಅಂಗೈ ಅಗಲದ ಕಿಟಕಿ ಕೊರೆದೆ, ಬ್ಯಾಟರಿಯ ಸೆಕೆ ಹೊರಗೆ ಹೋಗಲಿ ಅಂತ. ಟ್ಯಾಬ್ ಜಾರದ ಹಾಗೆ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದೆ. ಮಾವ ಬಂದವರು "ಗೇರೆಣ್ಣೆ ಕೊಡು, ನೂರು ವರ್ಷ ಗೆದ್ದಲು ಹಿಡಿಯುವುದಿಲ್ಲ" ಅಂದರು, ಗೇರುಬೀಜದ ಸಿಪ್ಪೆಯ ಎಣ್ಣೆ. ಮಾಡಿನ ಪಕ್ಕಾಸಿಗೆ (ಹೆಂಚಿನ ಅಡಿಯ ಮರಕ್ಕೆ) ಸರಿ, ಮೈಗೆ ತಾಗಿದರೆ ಸುಡುವ ಕಪ್ಪು ಎಣ್ಣೆಯನ್ನು ದಿನಾ ಕೈಯಿಡುವ ಸ್ಟ್ಯಾಂಡಿಗೆ ಯಾರು ಹಚ್ಚುತ್ತಾರೆ? ಫ್ರೆಂಚ್ ಪಾಲಿಶ್ ಕೊಟ್ಟೆ.

ಒಂದು ಮರ್ಯಾದೆಗೇಡಿನ ಸಂಗತಿಯನ್ನೂ ಹೇಳಬೇಕು. ಟ್ಯಾಬನ್ನು ಉದ್ದಕ್ಕೆ ನಿಲ್ಲಿಸಿದರೆ ಚಾರ್ಜಿಂಗ್ ಪೋರ್ಟು ಸರಿಯಾಗಿ ಅಡಿಯಲ್ಲಿ ಬರುತ್ತದೆ. ಕೇಬಲ್ ಹೋಗಲು ಕೆಳಗಿನ ತಡೆಪಟ್ಟಿಯಲ್ಲಿ ಉಳಿಯಿಂದ ಕಚ್ಚು ಹೊಡೆಯುತ್ತಾ ಎರಡು ಗಂಟೆ ಕೂತೆ. ಹಲಸಿನ ಗಂಟು ಬೇರೆ ಅಲ್ಲೇ ಸಿಕ್ಕಿತು. ಅಮ್ಮ ಚಾ ತಂದಿಟ್ಟು, ಟ್ಯಾಬನ್ನು ಎತ್ತಿ, ತಲೆಕೆಳಗು ಮಾಡಿ ಇಟ್ಟರು. ಚಿತ್ರ ತಾನಾಗಿ ತಿರುಗಿ ನೆಟ್ಟಗಾಯಿತು. ಪೋರ್ಟು ಮೇಲೆ.

"ಹೀಗೆ ಇಟ್ಟರೆ ಆಗುವುದಿಲ್ವಾ?"

ಕೇಬಲ್ ಮೇಲಿನಿಂದ ಜೋತರೆ ಸಡಿಲ ಪೋರ್ಟಿಗೆ ಭಾರ ಬೀಳುತ್ತದೆ ಅಂತ ಏನೋ ಒಂದು ಹೇಳಿದೆ. ಅದರಲ್ಲಿ ಸ್ವಲ್ಪ ನಿಜವೂ ಇದೆ.

ಎರಡನೇ ಪರದೆ

ವಿಂಡೋಸಿಗೆ ಸ್ಪೇಸ್‌ಡೆಸ್ಕ್ ಡ್ರೈವರ್, ಟ್ಯಾಬಿಗೆ ಅದರ ಆ್ಯಪ್. ಎರಡೂ ಮನೆಯ ಒಂದೇ ವೈಫೈಯಲ್ಲಿ ಇದ್ದರೆ ಟ್ಯಾಬ್ ಎರಡನೇ ಮಾನಿಟರ್ ಆಗಿ ಕಾಣಿಸುತ್ತದೆ. ಕಾಣಿಸಿತು. ಆದರೆ ಮೌಸ್ ಸರಿಸಿದರೆ ಬಾಣ ಒಂದು ಕ್ಷಣ ಬಿಟ್ಟು ಹೊರಡುತ್ತಿತ್ತು. ನಮ್ಮದು ಕೆಂಪುಕಲ್ಲಿನ ಹಳೆಯ ಮನೆ, ಗೋಡೆ ಒಂದು ಅಡಿಗೂ ದಪ್ಪ. ರೌಟರ್ ಚಾವಡಿಯಲ್ಲಿ, ಕಂಪ್ಯೂಟರ್ ಹಿಂದಿನ ಕೋಣೆಯಲ್ಲಿ, ನಡುವೆ ಅಂಥ ಎರಡು ಗೋಡೆ. ಅದನ್ನು ದಾಟಿ ಬರುವಷ್ಟರಲ್ಲಿ ವೈಫೈ ಸುಸ್ತು. ಸುಮ್ನೆ ಸೆಟ್ಟಿಂಗ್ ಬದಲಿಸುತ್ತಾ ಕೂರುವ ಬದಲು ಕೇಬಲ್ ಹಾಕಿದೆ. ತಡ ಹೋಯಿತು.

ಹೋಗದೆ ಉಳಿದದ್ದು ಮಸುಕು. ಟ್ಯಾಬಿನ ಪರದೆ 1280 ಅಡ್ಡ 800. ಕಂಪ್ಯೂಟರ್ ತನ್ನ ಚಿತ್ರವನ್ನು ಒತ್ತಿ, ಕುಗ್ಗಿಸಿ, ವಿಡಿಯೋದ ಹಾಗೆ ಕಳಿಸುತ್ತದೆ. ಇಂಗ್ಲಿಷಿಗೆ ಅದು ನಡೆಯುತ್ತದೆ. ಕನ್ನಡಕ್ಕೆ ಇಲ್ಲ. 'ದ'ಕ್ಕೂ 'ಧ'ಕ್ಕೂ ಇರುವ ವ್ಯತ್ಯಾಸ ಅಡಿಯ ಒಂದು ಸಣ್ಣ ಸೀಳು. 'ಪ', 'ಷ', 'ಫ' ಮೂರರದ್ದೂ ಅದೇ ಕಥೆ. ಒತ್ತಕ್ಷರವಂತೂ ಸಾಲಿನ ಕೆಳಗೆ ಬಿದ್ದ ಧೂಳಿನ ಹಾಗೆ ಕಾಣುತ್ತಿತ್ತು. ಅದೂ ಪೆನ್ಸಿಲಿನ, 50 ವರ್ಷ ಹಳೆಯ ಅಕ್ಷರ. ವಾಲಿಯ ಮಾತಿನಲ್ಲಿ 'ಮದ' ಅಂತ ಟೈಪ್ ಮಾಡಿದ್ದೆ, ಪುಸ್ತಕ ತೆಗೆದು ನೋಡಿದರೆ 'ಮಧು'. ಅರ್ಥವೇ ಬೇರೆ.

ಹತ್ತು ದಿನ ಹೀಗೇ ಹಟ ಹಿಡಿದೆ. ಜೊತೆಗೆ ಟ್ಯಾಬಿನಲ್ಲಿ ಬಿಟ್ಟ ಮೌಸ್ ಬಾಣವನ್ನು ಮಾನಿಟರಿನಲ್ಲಿ ಹುಡುಕುವ ಕೆಲಸ ಬೇರೆ. ಉಲ್ಟಾ ದಾರಿಯನ್ನೂ ನೋಡಿದೆ, ಸ್ಕ್ರ್‌ಸಿಪಿವೈ ಅನ್ನುವ ಸಾಫ್ಟ್‌ವೇರ್ ಹಾಕಿ ಟ್ಯಾಬಿನ ಪರದೆಯನ್ನೇ ಮಾನಿಟರಿನಲ್ಲಿ ತೋರಿಸುವುದು. ಚೆನ್ನಾಗಿ ನಡೆಯುತ್ತದೆ, ಕಂಪ್ಯೂಟರಿನ ಕೀಬೋರ್ಡಿನಲ್ಲೇ ಟ್ಯಾಬಿಗೆ ಟೈಪ್ ಮಾಡಬಹುದು. ಆದರೆ ಮತ್ತೆ ಒಂದೇ ಪರದೆಗೆ ಬಂದ ಹಾಗಾಯಿತಲ್ಲ.

ಒಂದು ಸಂಜೆ ಗುಡುಗು ಶುರುವಾಯಿತು. ನಮ್ಮೂರಲ್ಲಿ ಮೋಡ ಗುಡುಗಿದರೆ ಮೊದಲು ಪ್ಲಗ್ ಕೀಳುವುದು, ಆಮೇಲೆ ಒಣಗಿದ ಬಟ್ಟೆ ತೆಗೆಯುವುದು. ಕಂಪ್ಯೂಟರ್ ಬಂದ್ ಮಾಡಿ, ಪ್ಲಗ್, ರೌಟರಿನ ತಂತಿ, ಟ್ಯಾಬಿನ ಕೇಬಲ್ ಎಲ್ಲ ಕಿತ್ತೆ. ಕರೆಂಟೂ ಹೋಯಿತು. ಅಮ್ಮ ಟ್ಯಾಬನ್ನು ಚಾವಡಿಗೆ ಒಯ್ದು, ಅದರೊಳಗೇ ಇದ್ದ ಒಂದೆರಡು ಫೋಟೋ ತೆರೆದು, ಎರಡು ಬೆರಳಲ್ಲಿ ಹಿಗ್ಗಿಸಿ ಓದತೊಡಗಿದರು. ಗಟ್ಟಿಯಾಗಿ, ಅಜ್ಜನ ಧಾಟಿಯಲ್ಲಿ. ಬಗ್ಗಿ ನೋಡಿದೆ. ಅದೇ ಪುಟ, ಅದೇ ಪರದೆ, ಪೆನ್ಸಿಲಿನ ಗೀಟು ಗೀಟೂ ಸ್ಪಷ್ಟ.

ಕಂಪ್ಯೂಟರಿನ ಚಿತ್ರವನ್ನು ಟ್ಯಾಬಿಗೆ ಕಳಿಸುವುದೇ ಬೇಡವಾಗಿತ್ತು. ಫೈಲು ಟ್ಯಾಬಿನಲ್ಲೇ ಇರಲಿ, ಅದೇ ತೋರಿಸಲಿ. ಮೂರು ವಾರದಿಂದ ಟ್ಯಾಬನ್ನು ಮಾನಿಟರ್ ಮಾಡಲು ಹೊರಟಿದ್ದೆ. ನನಗೆ ಬೇಕಾಗಿದ್ದದ್ದು ಪುಸ್ತಕ.

ಈಗ ನಡೆಯುತ್ತಿರುವುದು

372 ಫೋಟೋಗಳನ್ನು ಇರ್ಫಾನ್‌ವ್ಯೂ ಅನ್ನುವ ಸಾಫ್ಟ್‌ವೇರಿನಲ್ಲಿ ಒಟ್ಟಿಗೆ ಹಾಕಿ ಉದ್ದದ ಬದಿ 2500 ಪಿಕ್ಸೆಲ್‌ಗೆ ಇಳಿಸಿದೆ. ಮೊದಲು ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿದ್ದೆ, 2 ಜಿಬಿ ರ‍್ಯಾಮಿನ ಟ್ಯಾಬ್ ಪುಟ ತಿರುವಲು ಏದುಸಿರು ಬಿಟ್ಟಿತು. ಪುಸ್ತಕಕ್ಕೊಂದು ಫೋಲ್ಡರ್, ಪುಟಕ್ಕೊಂದು ಚಿತ್ರ, ಅಷ್ಟೇ. ಕಂಪ್ಯೂಟರಿನಿಂದ ಟ್ಯಾಬಿಗೆ ಕಳಿಸಲು ಕೆಡಿಇ ಕನೆಕ್ಟ್ ಅನ್ನುವ ಆ್ಯಪ್. 10.1 ಇಂಚಿನ ಪರದೆ ಉದ್ದಕ್ಕೆ ನಿಂತರೆ ಸುಮಾರು 217 ಅಡ್ಡ 136 ಮಿ.ಮೀ., ಅಜ್ಜನ ನೋಟ್‌ಬುಕ್ಕಿನ ಪುಟಕ್ಕಿಂತ ಒಂದು ಬೆರಳು ಕಡಿಮೆ.

ಟೈಪಿಂಗ್ ಪೂರ್ತಿ ಕಂಪ್ಯೂಟರಿನಲ್ಲೇ. ಟ್ಯಾಬಿನ ಗಾಜಿನ ಮೇಲೆ 'ತ್ತ', 'ಕ್ಷ್ಯ' ಒತ್ತುತ್ತಾ ಕೂತರೆ ಈ ಜನ್ಮಕ್ಕೆ ಮುಗಿಯದು. ನಾನು ಬಳಸುವುದು 'ನುಡಿ' ಅನ್ನುವ ಕನ್ನಡ ಸಾಫ್ಟ್‌ವೇರಿನ ಕೀಲಿಮಣೆ, ಕಿನ್ನಿಕಂಬಳದ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು. ದ-ಧ ಒಂದೇ ಕೀ, ಶಿಫ್ಟ್ ಒತ್ತಿದರೆ ಮಹಾಪ್ರಾಣ, ಒತ್ತಕ್ಷರಕ್ಕೆ ನಡುವೆ ಎಫ್. ಕೈ ತಾನಾಗಿ ಓಡುತ್ತದೆ, ಕಣ್ಣು ಟ್ಯಾಬಿನಲ್ಲೇ ಇರಬಹುದು. ಇಷ್ಟು ದಿನ ಕಣ್ಣಿಗೂ ಕೈಗೂ ಒಂದೇ ಪರದೆಯಲ್ಲಿ ಜಗಳ ಹಚ್ಚಿದ್ದೆ.

ಪುಟ ತಿರುಗಿಸುವವರು ಅಮ್ಮ. ಪಕ್ಕದ ಕುರ್ಚಿಯಲ್ಲಿ ಕೂತು, ತಿಳಿಯದ ಶಬ್ದ ಹಿಗ್ಗಿಸಿ, ಓದಿ ಹೇಳುತ್ತಾರೆ. ಗಂಟೆಗೆ ಎರಡು ಪುಟ ಆಗುತ್ತಿದ್ದದ್ದು ಈಗ ನಾಲ್ಕೈದು.

ಟ್ಯಾಬಿನ ಕೇಬಲ್ ಕಂಪ್ಯೂಟರಿಗೇ ಹಾಕಿದ್ದೇನೆ. ಮಾಮೂಲಿ ಯುಎಸ್‌ಬಿ ಪೋರ್ಟು ಕೊಡುವುದು ಅರ್ಧ ಆಂಪಿಯರ್, ಎರಡೂವರೆ ವಾಟ್. ಪರದೆ ಅದಕ್ಕಿಂತ ಸ್ವಲ್ಪ ಜಾಸ್ತಿ ತಿನ್ನುತ್ತದೆ. ಮೂರು ಗಂಟೆ ಕೂತರೆ 80ರಿಂದ 62ಕ್ಕೆ ಇಳಿದಿರುತ್ತದೆ. ಮೊದಲು ಇದು ತೊಂದರೆ ಅನಿಸಿತ್ತು. ಈಗ ಅದೇ ಬೇಕು, 100ರಲ್ಲಿ ಕೂತು ಮತ್ತೆ ಉಬ್ಬುವ ಹೆದರಿಕೆ ಇಲ್ಲ. ರಾತ್ರಿ ಊಟ ಮಾಡುವಷ್ಟು ಹೊತ್ತು ಚಾರ್ಜರಿಗೆ ಹಾಕಿ 80ಕ್ಕೆ ತೆಗೆಯುತ್ತೇನೆ.

ಮಳೆ ಹಿಡಿದಿದೆ. ವರ್ಷಕ್ಕೆ 4000 ಮಿ.ಮೀ. ಸುರಿಯುವ ಊರು, ಪೋರ್ಟಿನ ಒಳಗೆ ಹಸಿರು ಕಿಲುಬು ಬರಲು ಹೆಚ್ಚು ದಿನ ಬೇಡ. ಕೆಲಸ ಮುಗಿದ ಮೇಲೆ ಟ್ಯಾಬ್ ಸಿಲಿಕಾ ಜೆಲ್ ಹಾಕಿದ ಸ್ಟೀಲ್ ಡಬ್ಬದೊಳಗೆ ಹೋಗುತ್ತದೆ, ಅಮ್ಮನ ಹಪ್ಪಳದ ಡಬ್ಬದ ಪಕ್ಕದಲ್ಲಿ. ಸ್ಟ್ಯಾಂಡಿನ ಒಂದು ಕಾಲು ಮಳೆಗೆ ಸ್ವಲ್ಪ ಹಿಗ್ಗಿ ಕುಂಟುತ್ತಿದೆ. ಆಚಾರ್ರು, ಈಗ ಹೆರೆಯಬೇಡಿ, ದೀಪಾವಳಿ ಕಳೆಯಲಿ ಅಂದಿದ್ದಾರೆ. ಸದ್ಯ ಅಡಿಗೆ ಮಡಚಿದ ಕಾಗದ.

ಎರಡನೇ ಪುಸ್ತಕದ 61ನೇ ಪುಟದಲ್ಲಿ ಒಂದು ಶಬ್ದ ಇಬ್ಬರಿಗೂ ತಿಳಿಯುತ್ತಿಲ್ಲ. ಹಿಗ್ಗಿಸಿದರೆ ಸರಿಯಾಗಿ ಬಿಳಿ ಚುಕ್ಕೆಯ ಅಡಿಗೆ ಬರುತ್ತದೆ. ಅಮ್ಮ ಬೆರಳಲ್ಲಿ ಪುಟವನ್ನು ಆಚೆ ಈಚೆ ಎಳೆಯುತ್ತಾ, "ಕೌರವ ಅಂತ ಅಲ್ಲ, ಅಪ್ಪ 'ರ' ಹೀಗೆ ಬರೆಯುವುದಲ್ಲ" ಅನ್ನುತ್ತಿದ್ದಾರೆ. ನಾನು ಎಫ್ ಕೀ ಮೇಲೆ ಬೆರಳಿಟ್ಟು ಕಾಯುತ್ತಿದ್ದೇನೆ.